ಗ್ರಾಮೀಣ ಪ್ರತಿನಿಧಿಯ ಅಹವಾಲು ಮತ್ತು ಸಂಸತ್ತಿನ ವಿಧಾನ: ವಸತಿ ಹಾಗೂ ಆರೋಗ್ಯ ವಿಷಯಗಳ ಒಂದು ಪರಿಶೀಲನೆ

೧

ಗ್ರಾಮಾಂತರ ಕ್ಷೇತ್ರವೊಂದರಿಂದ ಆಯ್ಕೆಯಾದ ಸದಸ್ಯರು ಲೋಕಸಭೆಯಲ್ಲಿ ಎದ್ದುನಿಂತು ತಮ್ಮ ಕ್ಷೇತ್ರದ ಜನರ ಮನೆಗಳ ದುಃಸ್ಥಿತಿಯನ್ನೂ ಅವರನ್ನು ಕಾಡುವ ರೋಗರುಜಿನಗಳನ್ನೂ ಕುರಿತು ಮಾತನಾಡಿದರೆಂಬ ವಾರ್ತೆಯನ್ನು ನಾವು ವೃತ್ತಪತ್ರಿಕೆಗಳಲ್ಲಿ ಆಗಾಗ್ಗೆ ಓದುತ್ತೇವೆ. ಆ ಮಾತು ಸಭೆಯನ್ನು ಮುಟ್ಟುವುದಕ್ಕೆ ಮುಂಚೆ ಎಂತಹ ಮಾರ್ಪಾಡುಗಳಿಗೆ ಒಳಗಾಗಿರುತ್ತದೆ, ಸಭೆಯ ನಡವಳಿಕೆಗಳಲ್ಲಿ ಮುದ್ರಿತವಾದ ಮೇಲೆ ಅದರ ಗತಿಯೇನು ಎಂಬುದರ ಕಡೆಗೆ ನಮ್ಮ ಗಮನ ಹರಿಯುವುದು ಅಪರೂಪ. ಪ್ರಸ್ತುತ ಲೇಖನದಲ್ಲಿ ಈ ಎರಡು ಅಂಶಗಳನ್ನು ವಿಚಾರಿಸಲು ಉದ್ದೇಶಿಸಿದ್ದೇವೆ. ನಾವು ಪ್ರತಿಪಾದಿಸುವ ಮುಖ್ಯ ಸಂಗತಿ ಇಷ್ಟೇ: ಹಳ್ಳಿಯಲ್ಲಿ ವಸತಿ ಮತ್ತು ಆರೋಗ್ಯ ಎಂಬುವು ಒಂದೇ ಕಷ್ಟದ ಎರಡು ಮುಖಗಳು, ಸಂಸತ್ತಿನ ವಿಧಾನವಾದರೋ ಅವನ್ನು ಎರಡು ಇಲಾಖೆಗಳ ಎರಡು ವಿಷಯಗಳನ್ನಾಗಿ ಒಡೆಯುತ್ತದೆ. ಹೀಗೆ ಒಡೆದುದನ್ನು ಮತ್ತೆ ಕೂಡಿಸುವುದೇ ಗ್ರಾಮೀಣ ಪ್ರತಿನಿಧಿಯ ಕರ್ತವ್ಯಗಳಲ್ಲಿ ಅತ್ಯಂತ ಕಠಿಣವಾದುದು.

ವಿಷಯವು ಕೇವಲ ತಾತ್ತ್ವಿಕ ಚರ್ಚೆಯಾಗಿ ಉಳಿಯಬಾರದೆಂಬ ಉದ್ದೇಶದಿಂದ ಬಿಹಾರದ ಕಾಲಾ ಅಜಾರ್ ರೋಗವನ್ನು ನಿದರ್ಶನವಾಗಿ ಆರಿಸಿಕೊಂಡಿದ್ದೇವೆ. ಮನೆಯ ಗೋಡೆಗೂ ಮನುಷ್ಯನ ದೇಹಕ್ಕೂ ಇರುವ ಸಂಬಂಧವನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ವ್ಯಾಧಿಗಳು ವಿರಳ.

೨

ಕಾಲಾ ಅಜಾರ್ ಎಂದರೆ ಕಪ್ಪು ಜ್ವರ. ಬಹುದಿನಗಳವರೆಗೆ ಬಿಡದ ಜ್ವರ, ದೇಹದ ಕೃಶತೆ, ರಕ್ತಹೀನತೆ, ಗುಲ್ಮದ ಊತ—ಇವು ಇದರ ಲಕ್ಷಣಗಳು. ಚಿಕಿತ್ಸೆ ದೊರೆಯದಿದ್ದರೆ ರೋಗಿಯು ಉಳಿಯುವ ಸಂಭವ ತೀರ ಕಡಿಮೆ. ಕಣ್ಣಿಗೆ ಕಾಣದ ಒಂದು ಪರೋಪಜೀವಿಯಿಂದ ಉಂಟಾಗುವ ಈ ರೋಗವನ್ನು ಒಬ್ಬರಿಂದ ಮತ್ತೊಬ್ಬರಿಗೆ ಒಯ್ಯುವುದು ಸೊಳ್ಳೆಗಿಂತಲೂ ಚಿಕ್ಕದಾದ ಮರಳುನೊಣ. ಮಣ್ಣಿನ ಗೋಡೆಯ ಬಿರುಕುಗಳು, ಹಸಿಯಾರದ ನೆಲ, ಮನೆಗೆ ಹೊಂದಿಕೊಂಡ ದನದ ಕೊಟ್ಟಿಗೆ—ಇವೇ ಅದರ ವಾಸಸ್ಥಾನಗಳು. ಹಗಲೆಲ್ಲ ಬಿರುಕಿನಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಹೊರಬಂದು ನೆಲದ ಮೇಲೆ ಮಲಗಿದವರನ್ನು ಅದು ಕಚ್ಚುತ್ತದೆ. ಗಾರೆ ಮಾಡಿದ ಗೋಡೆಯೂ ಒಣಗಿದ ನೆಲವೂ ಇರುವ ಮನೆಯಲ್ಲಿ ಅದಕ್ಕೆ ಆಶ್ರಯವಿಲ್ಲ. ಆದುದರಿಂದಲೇ ಈ ರೋಗವು ಬಡವರಲ್ಲಿಯೂ ಬಡವರಾದವರನ್ನು, ಬಿಹಾರದಲ್ಲಿ ವಿಶೇಷವಾಗಿ ಮುಸಹರ್ ಮೊದಲಾದ ದಲಿತ ಸಮುದಾಯಗಳನ್ನು, ಹೆಚ್ಚಾಗಿ ಪೀಡಿಸುತ್ತ ಬಂದಿದೆ.

೧೯೯೦-೯೧ರಲ್ಲಿ ಕೇಂದ್ರ ಸರ್ಕಾರವು ಈ ರೋಗದ ನಿಯಂತ್ರಣಕ್ಕೆ ಪ್ರತ್ಯೇಕ ಕಾರ್ಯಕ್ರಮವೊಂದನ್ನು ಆರಂಭಿಸಿತು. ೧೯೯೨ರಲ್ಲಿ ದಾಖಲಾದ ರೋಗಿಗಳ ಸಂಖ್ಯೆ ೭೭,೦೦೦ವನ್ನು ಮೀರಿತ್ತು. ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ, ಉತ್ತರ ಪ್ರದೇಶ ಎಂಬ ನಾಲ್ಕು ರಾಜ್ಯಗಳ ೫೪ ಜಿಲ್ಲೆಗಳು ರೋಗಪೀಡಿತವೆಂದು ಪರಿಗಣಿತವಾದವು. ಅವುಗಳಲ್ಲಿ ೩೩ ಜಿಲ್ಲೆಗಳು ಬಿಹಾರಕ್ಕೆ ಸೇರಿದವು. ೨೦೦೨ರ ರಾಷ್ಟ್ರೀಯ ಆರೋಗ್ಯ ನೀತಿಯು ೨೦೧೦ರೊಳಗೆ ರೋಗವನ್ನು ತೊಡೆದುಹಾಕಬೇಕೆಂದು ಗುರಿಯಿಟ್ಟಿತು. ಆ ಗುರಿ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಯಿತು. ಕಡೆಗೆ ೨೦೨೩ರ ಅಂತ್ಯದ ವೇಳೆಗೆ ಪ್ರತಿ ಬ್ಲಾಕಿನಲ್ಲಿಯೂ ೧೦,೦೦೦ ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಮಟ್ಟವನ್ನು ದೇಶವು ಮುಟ್ಟಿತು.

ಈ ಸಾಧನೆಗೆ ಔಷಧವೂ ಕೀಟನಾಶಕ ಸಿಂಪಡಣೆಯೂ ಮುಖ್ಯ ಕಾರಣಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಿಂಪಡಣೆಯ ಮಿತಿಯನ್ನು ಗಮನಿಸಬೇಕು. ಸಿಂಪಡಿಸಿದ ಗೋಡೆಯ ಮೇಲೆ ಮನೆಯವರು ಹೊಸ ಮಣ್ಣು ಮೆತ್ತಿ ಸಾರಿಸಿದರೆ ಔಷಧವು ಆ ಮಣ್ಣಿನ ಕೆಳಗೆ ಹೂತುಹೋಗುತ್ತದೆ. ಮಣ್ಣು ಒಣಗಿದಾಗ ಬಿರುಕು ಮತ್ತೆ ತೆರೆಯುತ್ತದೆ. ಆರೋಗ್ಯ ಇಲಾಖೆಯು ವರ್ಷಕ್ಕೆ ಎರಡು ಸುತ್ತು ಬಂದು ಸಿಂಪಡಿಸಬಲ್ಲುದೇ ಹೊರತು ಗೋಡೆಯನ್ನು ಕಟ್ಟಿಕೊಡಲಾರದು. ಗೋಡೆಯು ಬೇರೊಂದು ಇಲಾಖೆಗೆ ಸೇರಿದ್ದು.

೩

ಇಂತಹ ಪ್ರದೇಶದ ಸದಸ್ಯರು ಈ ಕಷ್ಟವನ್ನು ಸಂಸತ್ತಿಗೆ ಒಯ್ಯಬೇಕಾದರೆ ಮೊದಲು ಎದುರಾಗುವುದು ಸಂವಿಧಾನದ ಏಳನೆಯ ಅನುಸೂಚಿ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಯ ಆರನೆಯ ಬಾಬು. ಭೂಮಿಯು ಅದೇ ಪಟ್ಟಿಯ ಹದಿನೆಂಟನೆಯ ಬಾಬು. ಮನೆ ನಿಲ್ಲುವುದು ಭೂಮಿಯ ಮೇಲಾದುದರಿಂದ ವಸತಿಯೂ ರಾಜ್ಯಗಳ ಹೊಣೆಯೆಂದೇ ಕೇಂದ್ರದ ಮಂತ್ರಿಗಳು ಉತ್ತರಿಸುವುದು ವಾಡಿಕೆ. ಭಾರತ ಸರ್ಕಾರಕ್ಕೆ ಮುಖ್ಯವಾಗಿ ಸಂಬಂಧಿಸದ ವಿಷಯವನ್ನು ಕುರಿತ ಪ್ರಶ್ನೆಯು ಅಂಗೀಕಾರಕ್ಕೆ ಅರ್ಹವಲ್ಲವೆಂದು ಲೋಕಸಭೆಯ ಕಾರ್ಯವಿಧಾನ ನಿಯಮಗಳು ವಿಧಿಸುತ್ತವೆ.

ಹಾಗಾದರೆ ಸದಸ್ಯರಿಗೆ ಮಾರ್ಗವೇ ಇಲ್ಲವೆ? ಇದೆ. ಒಂದು ರಾಜ್ಯದಿಂದ ಮತ್ತೊಂದು ರಾಜ್ಯಕ್ಕೆ ಸಾಂಕ್ರಾಮಿಕ ರೋಗಗಳು ಹರಡದಂತೆ ತಡೆಯುವುದು ಸಮವರ್ತಿಪಟ್ಟಿಯ ಇಪ್ಪತ್ತೊಂಬತ್ತನೆಯ ಬಾಬು. ಆರ್ಥಿಕ ಹಾಗೂ ಸಾಮಾಜಿಕ ಯೋಜನೆಯು ಅದೇ ಪಟ್ಟಿಯ ಇಪ್ಪತ್ತನೆಯದು. ಇವೆರಡಕ್ಕಿಂತಲೂ ಬಲವಾದ ಆಧಾರವೆಂದರೆ ಹಣ. ಇಂದಿರಾ ಆವಾಸ್ ಯೋಜನೆಯು ೧೯೮೫-೮೬ರಲ್ಲಿ ಆರಂಭವಾಗಿ ೧೯೯೬ರಲ್ಲಿ ಸ್ವತಂತ್ರ ಯೋಜನೆಯಾಯಿತು. ೨೦೧೬ರಲ್ಲಿ ಅದು ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗವಾಗಿ ರೂಪಾಂತರ ಹೊಂದಿತು. ಆಗ ಬಯಲು ಪ್ರದೇಶದಲ್ಲಿ ಪ್ರತಿ ಮನೆಗೆ ನಿಗದಿಯಾದ ನೆರವು ೧,೨೦,೦೦೦ ರೂಪಾಯಿ. ಅದರಲ್ಲಿ ಕೇಂದ್ರದ ಪಾಲು ನೂರಕ್ಕೆ ಅರುವತ್ತು. ಕೇಂದ್ರದ ಬೊಕ್ಕಸದಿಂದ ಹಣ ಹೋದಲ್ಲೆಲ್ಲ ಸಂಸತ್ತಿನ ಪ್ರಶ್ನೆಯೂ ಹೋಗಬಲ್ಲುದು.

ಆದುದರಿಂದ ಅನುಭವಸ್ಥ ಸದಸ್ಯರು ಅಹವಾಲನ್ನು ಹಣದ ಭಾಷೆಗೆ ತಿರುಗಿಸುತ್ತಾರೆ. ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಮಣ್ಣಿನ ಗುಡಿಸಿಲಿನ ತಾಯಿಯೊಬ್ಬಳು ಸದಸ್ಯರ ಮುಂದೆ ನಿಂತು, "ಸ್ವಾಮಿ, ಹಿರಿಯ ಮಗನಿಗೆ ಜ್ವರ ಬಂದು ವಾಸಿಯಾಯಿತು; ಈಗ ಕಿರಿಯವಳಿಗೆ ಬಂದಿದೆ; ಈ ಮನೆಯಲ್ಲಿ ಇರುವ ತನಕ ನಮಗೆ ಇದು ತಪ್ಪದು" ಎಂದು ಹೇಳಿಕೊಂಡಳೆನ್ನೋಣ. ಇದು ಪ್ರಶ್ನೆಯಾಗಿ ಸಭೆಗೆ ಬರುವಾಗ, ಇಂತಹ ಯೋಜನೆಯಡಿಯಲ್ಲಿ ಇಂತಹ ಜಿಲ್ಲೆಗೆ ಮಂಜೂರಾದ ಮನೆಗಳೆಷ್ಟು, ಪೂರ್ಣಗೊಂಡವೆಷ್ಟು, ಬಿಡುಗಡೆಯಾದ ಹಣವೆಷ್ಟು, ವಿಳಂಬಕ್ಕೆ ಕಾರಣವೇನು ಎಂಬ ಉಪಭಾಗಗಳಾಗುತ್ತದೆ. ಜ್ವರದ ಮಾತು ಅದರಲ್ಲಿ ಉಳಿಯುವುದಿಲ್ಲ. ಅದನ್ನು ಇನ್ನೊಬ್ಬ ಮಂತ್ರಿಗೆ ಇನ್ನೊಂದು ಪ್ರಶ್ನೆಯಾಗಿ ಕಳುಹಿಸಬೇಕು. ಮಂತ್ರಾಲಯಗಳು ಸರದಿಯ ಪ್ರಕಾರ ಗೊತ್ತಾದ ದಿನಗಳಲ್ಲಿ ಉತ್ತರ ಕೊಡುವುದರಿಂದ ಗ್ರಾಮೀಣಾಭಿವೃದ್ಧಿಯ ಉತ್ತರ ಒಂದು ದಿನ, ಆರೋಗ್ಯದ ಉತ್ತರ ಮತ್ತೊಂದು ದಿನ ಬರುತ್ತವೆ. ಎರಡೂ ಉತ್ತರಗಳು ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇರಬಹುದು. ತಾಯಿ ಹೇಳಿದ ಸಂಗತಿ ಮಾತ್ರ ಎರಡರಲ್ಲಿಯೂ ಇರುವುದಿಲ್ಲ.

೪

ಇನ್ನು ಸದಸ್ಯರ ಕೈಯಲ್ಲಿರುವ ಸಾಧನಗಳನ್ನು ಪರಿಶೀಲಿಸೋಣ. ಮೊದಲನೆಯದು ಪ್ರಶ್ನೋತ್ತರ ಕಾಲ. ದಿನವೊಂದಕ್ಕೆ ೨೦ ಚುಕ್ಕೆ ಗುರುತಿನ ಪ್ರಶ್ನೆಗಳು ಮೌಖಿಕ ಉತ್ತರಕ್ಕೂ ೨೩೦ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಲಿಖಿತ ಉತ್ತರಕ್ಕೂ ಪಟ್ಟಿಯಾಗುತ್ತವೆ. ಲಿಖಿತ ಉತ್ತರದಿಂದ ಅಂಕಿಅಂಶಗಳು ದೊರೆಯುತ್ತವೆ. ಮೌಖಿಕ ಉತ್ತರದಲ್ಲಿಯಾದರೋ ಉಪಪ್ರಶ್ನೆಗೆ ಅವಕಾಶವುಂಟು. ಮೇಲೆ ಹೇಳಿದ ಒಡಕನ್ನು ಕೂಡಿಸಲು ಸದಸ್ಯರಿಗೆ ಸಿಗುವ ಒಳ್ಳೆಯ ಸಂದರ್ಭ ಈ ಉಪಪ್ರಶ್ನೆಯೇ. ಸಿಂಪಡಣೆಯನ್ನು ಕುರಿತು ಆರೋಗ್ಯಮಂತ್ರಿಯು ಉತ್ತರಿಸಿದೊಡನೆಯೇ, ರೋಗಿಗಳ ಪಟ್ಟಿಯನ್ನು ವಸತಿಯೋಜನೆಯವರಿಗೆ ಕಳುಹಿಸಲಾಗಿದೆಯೆ ಎಂದು ಕೇಳಬಹುದು. ಆದರೆ ಪಟ್ಟಿಯಲ್ಲಿ ಕೆಳಗಿರುವ ಪ್ರಶ್ನೆಗಳಿಗೆ ಒಂದು ಗಂಟೆಯ ಅವಧಿಯಲ್ಲಿ ಸರದಿ ಬರುವುದೇ ಕಷ್ಟ.

ಎರಡನೆಯದು ಶೂನ್ಯವೇಳೆ ಹಾಗೂ ೩೭೭ನೆಯ ನಿಯಮದ ಪ್ರಸ್ತಾಪ. ಇಲ್ಲಿ ಕಷ್ಟವನ್ನು ಕಷ್ಟದ ಭಾಷೆಯಲ್ಲಿಯೇ ಹೇಳಬಹುದು; ಮನೆಯನ್ನೂ ಜ್ವರವನ್ನೂ ಒಂದೇ ಉಸಿರಿನಲ್ಲಿ ಕೂಡಿಸಬಹುದು. ಆದರೆ ಮಂತ್ರಿಯಿಂದ ಕೂಡಲೇ ಉತ್ತರ ಪಡೆಯುವ ಹಕ್ಕು ಇಲ್ಲಿಲ್ಲ. ಮಾತು ಪೂರ್ಣವಾದಷ್ಟೂ ಉತ್ತರದ ಬಂಧನ ಸಡಿಲವಾಗುತ್ತದೆ, ಬಂಧನ ಬಿಗಿಯಾದಷ್ಟೂ ಮಾತು ತುಂಡಾಗುತ್ತದೆ ಎಂಬುದು ಇವೆರಡು ಸಾಧನಗಳನ್ನು ಹೋಲಿಸಿದಾಗ ವಿದಿತವಾಗುತ್ತದೆ.

ಮೂರನೆಯದು ಅನುದಾನದ ಬೇಡಿಕೆಗಳ ಕಾಲದಲ್ಲಿ ತರುವ ಸಾಂಕೇತಿಕ ಖೋತಾ ಸೂಚನೆ. ಬೇಡಿಕೆಯ ಮೊತ್ತದಲ್ಲಿ ೧೦೦ ರೂಪಾಯಿಯನ್ನು ಕಡಿಮೆ ಮಾಡಬೇಕೆಂದು ಸೂಚಿಸಿ, ಆ ನೆಪದಿಂದ ನಿರ್ದಿಷ್ಟವಾದ ಒಂದು ಕುಂದುಕೊರತೆಯನ್ನು ಸಭೆಯ ಮುಂದಿಡುವುದು ಇದರ ಉದ್ದೇಶ. ಸಾವಿರಾರು ಕೋಟಿಯ ಬೇಡಿಕೆಗೆ ನೂರು ರೂಪಾಯಿಯ ಖೋತಾ ಹಾಸ್ಯಾಸ್ಪದವೆಂದು ತೋರಬಹುದು. ಆದರೆ ಒಂದು ಜಿಲ್ಲೆಯ ಗೋಡೆಗಳ ಬಿರುಕನ್ನು ದೇಶದ ಆಯವ್ಯಯದ ಎದುರಿಗೆ ನಿಲ್ಲಿಸುವ ಅಧಿಕಾರವನ್ನು ಈ ನೂರು ರೂಪಾಯಿ ಕೊಡುತ್ತದೆ. ವಿಷಾದದ ಸಂಗತಿಯೆಂದರೆ, ಅನೇಕ ಮಂತ್ರಾಲಯಗಳ ಬೇಡಿಕೆಗಳು ಕೊನೆಯ ದಿನ ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹೋಗುತ್ತವೆ. ಖೋತಾ ಸೂಚನೆಗಳೂ ಅವುಗಳೊಡನೆ ಕೊನೆಗಾಣುತ್ತವೆ.

ನಾಲ್ಕನೆಯದು ೧೯೯೩ರಲ್ಲಿ ಏರ್ಪಟ್ಟ ಇಲಾಖಾವಾರು ಸ್ಥಾಯಿ ಸಮಿತಿಗಳು. ಲೋಕಸಭೆಯ ೨೧ ಮತ್ತು ರಾಜ್ಯಸಭೆಯ ೧೦ ಸದಸ್ಯರನ್ನು ಒಳಗೊಂಡ ಇವು ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ವಿವರವಾಗಿ ವಿಚಾರಿಸಬಲ್ಲವು. ಆದರೆ ಇಲ್ಲಿಯೂ ಗ್ರಾಮೀಣಾಭಿವೃದ್ಧಿಗೆ ಒಂದು ಸಮಿತಿ, ಆರೋಗ್ಯಕ್ಕೆ ಮತ್ತೊಂದು. ಇಲಾಖೆಗಳ ಗಡಿಯೇ ಸಮಿತಿಗಳ ಗಡಿಯೂ ಆಗಿದೆ.

ಸದಸ್ಯರು ತಮ್ಮ ಪ್ರದೇಶಾಭಿವೃದ್ಧಿ ನಿಧಿಯಿಂದಲೇ ಈ ಕೆಲಸವನ್ನು ಮಾಡಿಸಬಾರದೇಕೆ ಎಂದು ಕೆಲವರು ಕೇಳಬಹುದು. ೧೯೯೩ರಲ್ಲಿ ಆರಂಭವಾದ ಈ ನಿಧಿಯ ಮೊತ್ತ ೨೦೧೧-೧೨ರಲ್ಲಿ ವರ್ಷಕ್ಕೆ ೫ ಕೋಟಿ ರೂಪಾಯಿಗೆ ಏರಿತು. ಆಸ್ಪತ್ರೆಯ ಕಟ್ಟಡಕ್ಕೆ ಇದನ್ನು ಬಳಸಬಹುದು. ಆದರೆ ಒಂದು ಕುಟುಂಬಕ್ಕೆ ಮನೆ ಕಟ್ಟಿಕೊಡಲು ನಿಯಮಗಳು ಒಪ್ಪುವುದಿಲ್ಲ. ಆದುದರಿಂದ ಗೋಡೆಯ ವಿಷಯದಲ್ಲಿ ಪ್ರತಿನಿಧಿಗೆ ಉಳಿಯುವುದು ವಾಣಿಯೊಂದೇ.

೫

ಪ್ರಶ್ನೆ ಕೇಳುವ ಪೀಠದಿಂದ ಉತ್ತರ ಹೇಳುವ ಪೀಠಕ್ಕೆ ಹೋದ ಗ್ರಾಮೀಣ ಪ್ರತಿನಿಧಿಗಳೂ ಇದ್ದಾರೆ. ಕಾಲಾ ಅಜಾರ್ ಪೀಡಿತ ಜಿಲ್ಲೆಗಳಲ್ಲೊಂದಾದ ವೈಶಾಲಿಯಿಂದ ೧೯೯೬ರಿಂದ ಮೊದಲ್ಗೊಂಡು ಐದು ಬಾರಿ ಲೋಕಸಭೆಗೆ ಆಯ್ಕೆಯಾದ, ಗಣಿತದ ಅಧ್ಯಾಪಕರಾಗಿದ್ದ ರಘುವಂಶ ಪ್ರಸಾದ್ ಸಿಂಗ್ ಅವರು ೨೦೦೪ರಿಂದ ೨೦೦೯ರವರೆಗೆ ಕೇಂದ್ರದ ಗ್ರಾಮೀಣಾಭಿವೃದ್ಧಿ ಮಂತ್ರಿಗಳಾಗಿದ್ದರು. ಇಂದಿರಾ ಆವಾಸ್ ಯೋಜನೆಯು ಅವರ ಮಂತ್ರಾಲಯದ್ದೇ ಆಗಿತ್ತು. ಜ್ವರದ ನಿಯಂತ್ರಣ ಮಾತ್ರ ಅವರ ಮಂತ್ರಾಲಯದ್ದಾಗಿರಲಿಲ್ಲ. ಮಂತ್ರಿಪದವಿಯಿಂದಲೂ ಇಲಾಖೆಗಳ ಗಡಿ ಅಳಿಯುವುದಿಲ್ಲವೆಂಬುದನ್ನು ಇದು ತೋರಿಸುತ್ತದೆ.

ಆದರೂ ಆ ಗಡಿಯು ದಾಟಲಾಗದುದೇನೂ ಅಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಪಟ್ಟಿಯು ೨೦೧೧ರ ಸಾಮಾಜಿಕ-ಆರ್ಥಿಕ ಗಣತಿಯನ್ನು ಆಧರಿಸಿ, ಕೋಣೆಗಳ ಸಂಖ್ಯೆಯನ್ನೂ ಗೋಡೆ ಮಾಡುಗಳ ಸ್ವರೂಪವನ್ನೂ ನೋಡಿ ಸಿದ್ಧವಾದುದು. ಅದು ಮನೆಯವರ ರೋಗವನ್ನು ಕೇಳಿ ಸಿದ್ಧವಾದುದಲ್ಲ. ಹೀಗಿದ್ದರೂ ಬಿಹಾರ ಮತ್ತು ಜಾರ್ಖಂಡ್‌ಗಳ ಕಾಲಾ ಅಜಾರ್ ಪೀಡಿತ ಗ್ರಾಮಗಳಲ್ಲಿ ಅದೇ ಯೋಜನೆಯಡಿಯಲ್ಲಿ ಪಕ್ಕಾ ಮನೆಗಳನ್ನು ಕಟ್ಟಿಸುವ ಕ್ರಮವನ್ನು ರೋಗನಿರ್ಮೂಲನ ಕಾರ್ಯಕ್ರಮದ ಅಂಗವಾಗಿ ಸೇರಿಸಿಕೊಳ್ಳಲಾಯಿತು. ರೋಗಿಗಳ ಪಟ್ಟಿ ಮತ್ತು ಮನೆಗಳ ಪಟ್ಟಿ ಎಂಬ ಎರಡು ಕಾಗದಗಳು ಒಂದೇ ಮೇಜಿನ ಮೇಲೆ ಬಂದುವು. ಆಡಳಿತದ ದೃಷ್ಟಿಯಿಂದ ಇದು ಸಣ್ಣ ಸಂಗತಿ. ಆ ಮನೆಗಳಲ್ಲಿ ವಾಸಿಸುವವರಿಗೆ ಹಾಗಲ್ಲ.

ಸಭೆಯಲ್ಲಿ ಮಾತನಾಡಿದುದರಿಂದ ಫಲವುಂಟೆ ಎಂದು ಕೇಳುವವರಿಗೆ ನಾವು ಇನ್ನೊಂದು ಸಂಸ್ಥೆಯನ್ನು ತೋರಿಸಬಯಸುತ್ತೇವೆ. ೧೯೫೩ರಲ್ಲಿ ಲೋಕಸಭೆಯು ಸರ್ಕಾರದ ಭರವಸೆಗಳ ಸಮಿತಿಯನ್ನು ಸ್ಥಾಪಿಸಿತು. ಮಂತ್ರಿಯು "ಪರಿಶೀಲಿಸುತ್ತೇನೆ" ಎಂದರೂ ಅದು ಭರವಸೆಯೆಂದು ದಾಖಲಾಗಬಹುದು. ಹಾಗೆ ದಾಖಲಾದುದನ್ನು ಮೂರು ತಿಂಗಳೊಳಗೆ ಈಡೇರಿಸಬೇಕು, ಇಲ್ಲವೆ ಕಾಲಾವಕಾಶವನ್ನು ಕೇಳಿಕೊಳ್ಳಬೇಕು. ವೃತ್ತಪತ್ರಿಕೆಗಳು ಈ ಸಮಿತಿಯ ವರದಿಗಳನ್ನು ಅಷ್ಟಾಗಿ ಪ್ರಕಟಿಸುವುದಿಲ್ಲ. ಆದರೆ ಒಬ್ಬ ಗ್ರಾಮೀಣ ಪ್ರತಿನಿಧಿಯ ಯೋಗ್ಯತೆಯನ್ನು ಅಳೆಯಬೇಕಾದರೆ, ಅವರು ಎಷ್ಟು ಸಲ ಮಾತನಾಡಿದರೆಂಬುದಕ್ಕಿಂತ, ಪಡೆದ ಭರವಸೆಗಳ ಬೆನ್ನನ್ನು ಎಷ್ಟು ಕಾಲ ಹಿಡಿದರೆಂಬುದನ್ನು ನೋಡುವುದು ಮೇಲು.

ಒಟ್ಟಿನಲ್ಲಿ ಹೇಳುವುದಾದರೆ, ವಸತಿ ಮತ್ತು ಆರೋಗ್ಯಗಳ ವಿಷಯದಲ್ಲಿ ಸಂಸತ್ತು ಕಿವುಡಲ್ಲ. ಅದು ಒಂದು ಬಾರಿಗೆ ಒಂದು ಇಲಾಖೆಯ ಮಾತನ್ನು ಮಾತ್ರ ಕೇಳುವಂತೆ ರಚಿತವಾಗಿದೆ. ಈ ರಚನೆಗೆ ತಕ್ಕ ಕಾರಣಗಳುಂಟು. ಹೊಣೆಯನ್ನು ಗೊತ್ತುಮಾಡದೆ ಉತ್ತರವನ್ನು ಕೇಳುವುದು ಸಾಧ್ಯವಿಲ್ಲ. ಹೀಗಿರುವಾಗ ಆ ತಾಯಿಯ ಮಾತನ್ನು ತುಂಡಾಗದಂತೆ ಕಾಯುವ ಭಾರ ಪ್ರತಿನಿಧಿಯ ಮೇಲೆಯೇ ಬೀಳುತ್ತದೆ. ರೋಗವು ಇಳಿಮುಖವಾಗಿರುವ ಈ ಕಾಲದಲ್ಲಿ ಆ ಭಾರ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ. ರೋಗಿಗಳ ಸಂಖ್ಯೆ ಕುಗ್ಗಿದಂತೆ ಪ್ರಶ್ನೆಗಳೂ ಕುಗ್ಗುವುದು ಸಹಜ; ಗೋಡೆಯ ಬಿರುಕುಗಳಾದರೋ ತಾವಾಗಿ ಮುಚ್ಚಿಕೊಳ್ಳುವುದಿಲ್ಲ.