ನಿಮಗಿದು ಗೊತ್ತೇ? ಮೂರೇ ಪರಮಾಣು ದಪ್ಪದ ಅಯಸ್ಕಾಂತ!

ಮಳವಳ್ಳಿಯವರೇ, ನಿಮ್ಮ ಶಿವನಸಮುದ್ರಕ್ಕೂ ಅಯಸ್ಕಾಂತಕ್ಕೂ ಹಳೆಯ ನಂಟು! 1902ರಲ್ಲಿ ಅಲ್ಲಿ ಕಾವೇರಿ ಧುಮುಕಿ ಜನರೇಟರ್ ತಿರುಗಿಸಿದಾಗ ಕರೆಂಟು ಹುಟ್ಟಿದ್ದೇ ಅಯಸ್ಕಾಂತದ ಬಲದಿಂದ. ಅದು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿ ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲೂ ದೀಪ ಹೊತ್ತಿತು. ಆ ಜನರೇಟರ್‌ಗಳು ಟನ್ನುಗಟ್ಟಲೆ ಭಾರದ ಯಂತ್ರಗಳು. ಈಗ ನಾನು ಹೇಳಹೊರಟಿರುವುದು ಅದಕ್ಕೆ ಪೂರಾ ಉಲ್ಟಾ. ಕಣ್ಣಿಗೇ ಬೀಳದಷ್ಟು ತೆಳುವಾದ ಅಯಸ್ಕಾಂತ!

ಎಷ್ಟು ತೆಳು ಅಂತೀರಾ? ದಪ್ಪ ಬರೀ 0.7 ನ್ಯಾನೊಮೀಟರ್. ಇಂಥ ಒಂದು ಲಕ್ಷ ಪದರ ಒಂದರ ಮೇಲೊಂದು ಪೇರಿಸಿದರೆ ನಿಮ್ಮ ಒಂದು ತಲೆಗೂದಲಿನ ದಪ್ಪ ಆದೀತು!

ಇದರ ಹೆಸರು ಕ್ರೋಮಿಯಂ ಟ್ರೈಅಯೊಡೈಡ್. ಒಂದು ಪದರದಲ್ಲಿ ಇರುವುದು ಮೂರೇ ಸಾಲು ಪರಮಾಣು. ಮೇಲೆ ಅಯೊಡಿನ್, ಕೆಳಗೆ ಅಯೊಡಿನ್, ಹೋಳಿಗೆಯ ಹೂರಣದಂತೆ ನಡುವೆ ಕ್ರೋಮಿಯಂ. ತಮಾಷೆ ಕೇಳಿ: ಕ್ರೋಮಿಯಂ ಲೋಹ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಗಾಯಕ್ಕೆ ಹಚ್ಚುವ, ಉಪ್ಪಿಗೆ ಬೆರೆಸುವ ಅಯೊಡಿನ್ ಅಂತೂ ಮೊದಲೇ ಇಲ್ಲ. ಎರಡನ್ನೂ ಕೂಡಿಸಿ ತಣ್ಣಗೆ ಮಾಡಿದರೆ ಅಯಸ್ಕಾಂತ!

ಕ್ರೋಮಿಯಂ ಎಲ್ಲೋ ದೂರದ ವಸ್ತು ಅಂದುಕೊಳ್ಳಬೇಡಿ. ಮಂಡ್ಯ ಜಿಲ್ಲೆಯ ಗಡಿ ದಾಟಿ ಹಾಸನ ಜಿಲ್ಲೆಗೆ ಕಾಲಿಟ್ಟರೆ ನುಗ್ಗೇಹಳ್ಳಿ ಸುತ್ತಿನ ಬಂಡೆಗಳಲ್ಲೇ ಕ್ರೋಮಿಯಂ ಅದಿರು ಇದೆ!

ಇಂಥ ಅಯಸ್ಕಾಂತ ಇರಲು ಸಾಧ್ಯವೇ ಇಲ್ಲ ಎಂದು ಬಹಳ ಮಂದಿ ನಂಬಿದ್ದರು ಗೊತ್ತೇ? 1966ರಲ್ಲಿ ಮರ್ಮಿನ್ ಮತ್ತು ವ್ಯಾಗ್ನರ್ ಎಂಬ ಇಬ್ಬರು ಒಂದು ಲೆಕ್ಕ ಮಾಡಿ ತೋರಿಸಿದರು. ಹಾಳೆಯಷ್ಟು ತೆಳುವಾದರೆ, ಸ್ವಲ್ಪ ಬಿಸಿ ತಾಗಿದರೂ ಪರಮಾಣುಗಳು ದಿಕ್ಕು ತಪ್ಪಿ ಅಯಸ್ಕಾಂತ ಗುಣವೇ ಅಳಿಸಿಹೋಗುತ್ತದೆ ಎಂದು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದಕ್ಕೊಂದು ಷರತ್ತಿತ್ತು: ಪರಮಾಣುಗಳು ಯಾವ ದಿಕ್ಕಿಗೆ ಬೇಕಾದರೂ ತಿರುಗುವಂತಿರಬೇಕು. ಮೇಲೆ ಇಲ್ಲವೇ ಕೆಳಗೆ ಮಾತ್ರ ನೋಡುತ್ತೇನೆ ಎಂದು ಹಟ ಹಿಡಿದ ಪರಮಾಣುಗಳಿಗೆ ಈ ಕಾನೂನು ಅನ್ವಯಿಸದು. ಕ್ರೋಮಿಯಂ ಟ್ರೈಅಯೊಡೈಡ್ ಅಂಥ ಹಟಮಾರಿ!

ಈ 'ಮೇಲೆ-ಕೆಳಗೆ' ಲೆಕ್ಕದ ಹಿಂದೆ ಒಂದು ಸ್ವಾರಸ್ಯವಿದೆ. ಅದನ್ನು 1925ರಲ್ಲಿ ಪ್ರಕಟಿಸಿದವರು ಜರ್ಮನಿಯ ಅರ್ನ್ಸ್ಟ್ ಈಸಿಂಗ್. ಪರಮಾಣುಗಳ ಒಂದೇ ಸಾಲು ಅಯಸ್ಕಾಂತ ಆಗದು ಎಂದು ತೋರಿಸಿದರು. ಹಾಳೆಯಾದರೂ ಆಗದು ಎಂದು ಊಹಿಸಿ ಕೈಬಿಟ್ಟರು. 1944ರಲ್ಲಿ ಆನ್ಸಾಗರ್ ಎಂಬವರು ಲೆಕ್ಕ ಬಿಡಿಸಿ, ಹಾಳೆ ಖಂಡಿತ ಆಗುತ್ತದೆ ಎಂದರು. ಇಷ್ಟು ಹೊತ್ತಿಗೆ ಈಸಿಂಗ್ ಹೆಸರು ಭೌತಶಾಸ್ತ್ರದ ತುಂಬಾ ಓಡಾಡುತ್ತಿತ್ತು. ಅದು ಅವರಿಗೇ ಗೊತ್ತಿರಲಿಲ್ಲ! ತಿಳಿದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ.

ಇನ್ನು ನಮ್ಮ ಹೆಮ್ಮೆಯ ಸುದ್ದಿ. ಒಂದೇ ಪದರದಲ್ಲೂ ಪರಮಾಣುಗಳು ಶಿಸ್ತಾಗಿ ನಿಲ್ಲುತ್ತವೆ ಎಂಬ ಮೊದಲ ಸುಳಿವು ಸಿಕ್ಕಿದ್ದು 2016ರಲ್ಲಿ. ಕಬ್ಬಿಣ, ರಂಜಕ, ಗಂಧಕ ಸೇರಿದ ಹರಳಿನಲ್ಲಿ. ಕಂಡುಹಿಡಿದವರಲ್ಲಿ ದಕ್ಷಿಣ ಕೊರಿಯಾದವರೂ ಇದ್ದರು. ಅವರ ಕೈಯಲ್ಲಿದ್ದ ಉಪಾಯ ಯಾವುದು ಹೇಳಿ? ರಾಮನ್ ಪರಿಣಾಮ! ಹೌದು, 1928ರ ಫೆಬ್ರವರಿ 28ರಂದು ಸಿ.ವಿ. ರಾಮನ್ ಕಂಡದ್ದೇ. 1933ರಲ್ಲಿ ಬೆಂಗಳೂರಿಗೆ ಬಂದು ಇಲ್ಲೇ ನೆಲೆಸಿದ ರಾಮನ್ನರು ತೀರಿಕೊಂಡು 46 ವರ್ಷವಾದ ಮೇಲೂ ಅವರ ಬೆಳಕು ಕೆಲಸ ಮಾಡಿತು!

ಮರುವರ್ಷವೇ, ಅಂದರೆ 2017ರಲ್ಲಿ, ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಎಂಐಟಿಯವರು ಒಂದೇ ಪದರದ ಕ್ರೋಮಿಯಂ ಟ್ರೈಅಯೊಡೈಡ್ ಅಪ್ಪಟ ಅಯಸ್ಕಾಂತ ಎಂದು ತೋರಿಸಿದರು. ಆದರೆ ಸೊನ್ನೆಗಿಂತ 228 ಡಿಗ್ರಿ ಕೆಳಗಿನ ಚಳಿಯಲ್ಲಿ ಮಾತ್ರ!

ಪದರ ಎಣಿಸುತ್ತಾ ಹೋದರೆ ಇನ್ನೂ ಮಜಾ. ಒಂದು ಪದರ: ಅಯಸ್ಕಾಂತ. ಎರಡು ಪದರ: ಅಯಸ್ಕಾಂತವೇ ಅಲ್ಲ! ಮೂರು ಪದರ: ಮತ್ತೆ ಅಯಸ್ಕಾಂತ! ಪಕ್ಕಪಕ್ಕದ ಪದರಗಳು ಎದುರುಬದುರು ಮುಖ ಮಾಡಿ ಎರಡಿದ್ದಾಗ ಒಂದರ ಬಲವನ್ನು ಇನ್ನೊಂದು ನುಂಗಿಬಿಡುತ್ತದೆ. ಇದೇ ಎರಡು ಪದರಕ್ಕೆ ವೋಲ್ಟೇಜ್ ಕೊಟ್ಟು ಮನಸ್ಸು ಬದಲಾಯಿಸಬಹುದು ಎಂದು 2018ರಲ್ಲಿ ಗೊತ್ತಾಯಿತು. ಎರಡನ್ನೂ ಒಂದಿಷ್ಟು ಓರೆಯಾಗಿ ತಿರುಚಿ ಇಟ್ಟರೆ ಒಂದೇ ಹಾಳೆಯಲ್ಲಿ ಎರಡು ಬಗೆಯ ಅಯಸ್ಕಾಂತ ಗುಣ ಅಕ್ಕಪಕ್ಕ ಇರುತ್ತವೆ! ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ಅತಿ ಸೋಜಿಗದ್ದು ಇದೇ.

ಬೆಳೆಸುವುದು ಹೇಗೆ? ಕ್ರೋಮಿಯಂ, ಅಯೊಡಿನ್ ಎರಡನ್ನೂ ಗಾಳಿ ತೆಗೆದ ಕ್ವಾರ್ಟ್ಜ್ ಕೊಳವೆಯಲ್ಲಿ ಹಾಕಿ ಬಾಯಿ ಮುಚ್ಚುತ್ತಾರೆ. ಒಂದು ತುದಿಯನ್ನು ಸುಮಾರು 650 ಡಿಗ್ರಿಗೆ ಕಾಯಿಸಿ ಇನ್ನೊಂದು ತುದಿಯನ್ನು ಅದಕ್ಕಿಂತ ತಂಪಾಗಿಡುತ್ತಾರೆ. ಬಿಸಿ ಕಡೆಯಿಂದ ಆವಿ ಹೊರಟು ತಂಪು ಕಡೆ ಹೊಳೆಯುವ ಕಪ್ಪು ಹಾಳೆಗಳಾಗಿ ಕೂರುತ್ತದೆ. ದಿನಗಟ್ಟಲೆ ಕಾಯಬೇಕು!

ಸುಲಿಯುವುದು? ನಗಬೇಡಿ, ಅಂಟು ಟೇಪಿನಿಂದ! ಹರಳಿಗೆ ಟೇಪು ಒತ್ತಿ ಕಿತ್ತು, ಮತ್ತೆ ಒತ್ತಿ ಮತ್ತೆ ಕೀಳುವುದು. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಮ್ ಮತ್ತು ನೊವೊಸೆಲೊವ್ ಎಂಬ ವಿಜ್ಞಾನಿಗಳು ಹೀಗೆಯೇ ಗ್ರ್ಯಾಫೀನ್ ಎಂಬ ಇಂಗಾಲದ ತೆಳು ಹಾಳೆ ಬಿಡಿಸಿದರು, 2010ರಲ್ಲಿ ನೊಬೆಲ್ ಪಡೆದರು. ಕಾಗೆ ಬಂಗಾರದ ತುಂಡನ್ನು ಉಗುರಿನಿಂದ ಪದರ ಪದರವಾಗಿ ಬಿಡಿಸಿ ಆಡಿದವರಿಗೆ ಇದರಲ್ಲಿ ಹೊಸದೇನಿದೆ!

ನೀರಿಗೆ ಹೆದರದ ಬೇರೆ ಪದರದ ವಸ್ತುಗಳಿಗೆ ಇನ್ನೊಂದು ದಾರಿಯೂ ಇದೆ. ಪದರಗಳ ನಡುವೆ ಲಿಥಿಯಂ ತೂರಿಸಿ ನೀರು ಹಾಕುವುದು. ಜಲಜನಕ ಉಕ್ಕಿ ಪದರಗಳು ಬಿಟ್ಟುಕೊಳ್ಳುತ್ತವೆ. ಸರಿ, ಲಿಥಿಯಂ ಎಲ್ಲಿದೆ? ನಮ್ಮ ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲದ ನೆಲದಡಿ ಸುಮಾರು 1,600 ಟನ್ ಇದೆ ಎಂಬುದು ಅಣು ಖನಿಜ ನಿರ್ದೇಶನಾಲಯದ ಅಂದಾಜು!

ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 2010ರಲ್ಲಿ ಬೇರೊಂದು ವಸ್ತುವಿನ ಪದರ ಬಿಡಿಸಲು ಬಳಸಿದ ದಾರಿಗಳಲ್ಲಿ ಈ ಲಿಥಿಯಂ ದಾರಿಯೂ ಒಂದು. ಅದಕ್ಕೂ ಒಂದು ವರ್ಷ ಮೊದಲು ಅದೇ ತಂಡ ಇನ್ನೊಂದು ವಿಚಿತ್ರ ವರದಿ ಮಾಡಿತ್ತು. ಕೆಲವೇ ಪದರದ ಗ್ರ್ಯಾಫೀನಿನಲ್ಲಿ, ಕೋಣೆಯ ಬಿಸಿಯಲ್ಲೇ, ಅಯಸ್ಕಾಂತದ ಲಕ್ಷಣ! ಕಬ್ಬಿಣವಿಲ್ಲ, ಕ್ರೋಮಿಯಂ ಇಲ್ಲ. ಬರೀ ಇಂಗಾಲ!

ಸಂಡೂರಿನ ಗಣಿಗಳ ಕೆಂಪು ಅದಿರು ನೋಡಿದ್ದೀರಲ್ಲ? ಅದು ಹೆಮಟೈಟ್. ಅದಕ್ಕೆ ಸುಲಿಯುವಂಥ ಪದರವೇ ಇಲ್ಲ. ಆದರೂ 2018ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಕೇರಳ ಮೂಲದ ಪುಳಿಕ್ಕಲ್ ಅಜಯನ್ ಅವರ ತಂಡ ಇದೇ ಬಗೆಯ ಅದಿರನ್ನು ದ್ರಾವಣದಲ್ಲಿ ಹಾಕಿ, ಕಿವಿಗೆ ಕೇಳದ ಶಬ್ದದಿಂದ ಅಲುಗಾಡಿಸಿ ಹಾಳೆ ಬಿಡಿಸಿತು. ಅದಕ್ಕೆ ಹೆಮಟೀನ್ ಎಂದು ಹೆಸರು. ಅದೂ ಅಯಸ್ಕಾಂತ!

ಈ ತೆಳು ಅಯಸ್ಕಾಂತಗಳಲ್ಲಿ ಕೆಲವು ಮಹಾ ನಾಜೂಕು. ಕ್ರೋಮಿಯಂ ಟ್ರೈಅಯೊಡೈಡನ್ನು ಬಯಲಿಗೆ ತಂದರೆ ಗಾಳಿಯ ತೇವಕ್ಕೇ ಕರಗಿ ಹಾಳು. ಆರ್ಗಾನ್ ಅನಿಲ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿಟ್ಟು ರಬ್ಬರ್ ಕೈಗವಸಿನಲ್ಲೇ ಎಲ್ಲ ಕೆಲಸ. ಮೇಲೆ ಹೊದಿಸಲು ಬೋರಾನ್ ನೈಟ್ರೈಡ್ ಹರಳು ಬೇಕು. ಜಗತ್ತಿನ ನೂರಾರು ಪ್ರಯೋಗಾಲಯಗಳಿಗೆ ಅದನ್ನು ಹೆಚ್ಚಾಗಿ ಬೆಳೆಸಿ ಕಳಿಸುವವರು ಜಪಾನಿನ ಇಬ್ಬರು, ತಾನಿಗುಚಿ ಮತ್ತು ವಾತಾನಾಬೆ!

ಸೊನ್ನೆಗಿಂತ 228 ಡಿಗ್ರಿ ಕೆಳಗಿನ ಚಳಿ ಎಲ್ಲಿಂದ ತರೋಣ ಎಂದು ಕೇಳಬೇಡಿ. 2022ರಲ್ಲಿ ಚೀನಾದವರು ಕಬ್ಬಿಣ, ಗ್ಯಾಲಿಯಂ, ಟೆಲ್ಲುರಿಯಂ ಸೇರಿಸಿ ಬೆಳೆಸಿದ ಪದರದ ಹರಳು 75 ಡಿಗ್ರಿ ಬಿಸಿಯಲ್ಲೂ ಅಯಸ್ಕಾಂತವಾಗಿಯೇ ಇರುತ್ತದೆ. ಏಪ್ರಿಲ್ಲಿನ ಮಂಡ್ಯ ಬಿಸಿಲು ಅದಕ್ಕೆ ಲೆಕ್ಕಕ್ಕೇ ಇಲ್ಲ! ಒಂದೇ ಪದರಕ್ಕೆ ಇಳಿಸಿದರೆ ಮಾತ್ರ ಅದೂ ತಂಪು ಕೇಳುತ್ತದೆ.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅದೇ ಐಐಎಸ್‌ಸಿ, ವರ್ಷಕ್ಕೊಂದು ದಿನ ತನ್ನ ಪ್ರಯೋಗಾಲಯಗಳನ್ನು ಎಲ್ಲರಿಗೂ ತೆರೆದಿಡುತ್ತದೆ. ಮಕ್ಕಳನ್ನು ಕಟ್ಟಿಕೊಂಡು ಮಂಡ್ಯದಲ್ಲಿ ರೈಲು ಹತ್ತಿ. ದಾರಿಯಲ್ಲಿ ಮದ್ದೂರು ವಡೆ ತಿನ್ನಿ. ಅಲ್ಲಿಗೆ ಹೋದ ಮೇಲೆ ಸಂಕೋಚ ಬಿಟ್ಟು ಕೇಳಿ: "ಒಂದೇ ಪದರದ ಹಾಳೆ ಎಲ್ಲಿದೆ, ತೋರಿಸಿ ಸ್ವಾಮಿ!"