ರಾಮಾಚಾರಿ ಯಾಕೆ ಇನ್ನೂ ಕಾಡುತ್ತಾನೆ?

ಹತ್ತು ಜನರನ್ನು ಒಂದೇ ಏಟಿಗೆ ಉರುಳಿಸುವ ಹೀರೋ ಥಿಯೇಟರಿನಿಂದ ಹೊರಬರುವಷ್ಟರಲ್ಲಿ ನನಗೆ ಮರೆತೇ ಹೋಗಿರುತ್ತಾನೆ. ‘ನಾಗರಹಾವು’ ಚಿತ್ರದ ರಾಮಾಚಾರಿ ಹಾಗಲ್ಲ. ಅವನು ತೆರೆಗೆ ಬಂದಿದ್ದು 1972ರಲ್ಲಿ. ಆದರೂ ನಮ್ಮ ಕ್ಲಾಸಿನಲ್ಲೇ ಇರುವ ಹುಡುಗನಂತೆ ಕಾಣುತ್ತಾನೆ. ಮುಂಗೋಪಿ, ಹಟಮಾರಿ.

ಇಡೀ ದುರ್ಗಕ್ಕೆ ಬಗ್ಗದವನು ಚಾಮಯ್ಯ ಮೇಷ್ಟ್ರ ಮಾತಿಗೆ ಬಗ್ಗಿ, ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಅದಕ್ಕೆ ಬೆಲೆ ತೆರುವವಳು ಅವಳು. ಮದುವೆಯಾಗಿ ಹೋದವಳು ವೇಶ್ಯಾವಾಟಿಕೆಯ ಪಾಲಾಗುತ್ತಾಳೆ. ಮೇಷ್ಟ್ರೂ ಕೆಟ್ಟವರಲ್ಲ, ಶಿಷ್ಯನೂ ಕೆಟ್ಟವನಲ್ಲ. ಗುರುಭಕ್ತಿಯಂಥ ಒಳ್ಳೆಯ ಗುಣವೇ ಇಲ್ಲಿ ತಪ್ಪು ಮಾಡಿಸುತ್ತದೆ. ಕಥೆಗೆ ಜೀವ ಬರುವುದೇ ಅಲ್ಲಿ.

ತಪ್ಪೇ ಮಾಡದ ನಾಯಕನಿಗೆ ಶಿಳ್ಳೆ ಹೊಡೆದು ಎದ್ದು ಬರಬಹುದು. ರಾಮಾಚಾರಿ ಹಾಗೆ ಬಿಡುವುದಿಲ್ಲ. ಅವನ ಜಾಗದಲ್ಲಿದ್ದರೆ, ಅಷ್ಟು ಪ್ರೀತಿಸುವ ಮೇಷ್ಟ್ರಿಗೆ ‘ಆಗಲ್ಲ’ ಎನ್ನುವ ಧೈರ್ಯ ನನಗಿರುತ್ತಿತ್ತೇ?