ಮಕ್ಕಳಿಗೆ ಪದೇ ಪದೇ ತಲೆನೋವೇ? ಆ್ಯಪ್‌ನಲ್ಲಿ ಲೆಕ್ಕ ಇಡಿ
ಪುಣೆ: ಕಾತ್ರಜದ ಭಾರತೀ ವಿದ್ಯಾಪೀಠದ ಸುತ್ತ ಓದುವ ಮಕ್ಕಳಿರಲಿ, ನಮ್ಮೂರ ಪಿಯು ವಿದ್ಯಾರ್ಥಿಗಳಿರಲಿ, ತಲೆನೋವೆಂದು ಹೋದರೆ ವೈದ್ಯರು ಕೇಳುವುದು 'ತಿಂಗಳಿಗೆ ಎಷ್ಟು ದಿನ?' ಎಂದು. ಅಂದಾಜಿನ ಉತ್ತರ ಸಾಲದು. ತಲೆನೋವಿನ ಡೈರಿ ಆ್ಯಪ್ ನೆರವಾಗುವುದು ಇಲ್ಲೇ. ನೋವು ಶುರುವಾದ ಹೊತ್ತು, ನಿದ್ದೆ, ಬಿಟ್ಟ ತಿಂಡಿ, ಮುಟ್ಟಿನ ದಿನ, ನುಂಗಿದ ಮಾತ್ರೆ ಎಲ್ಲವನ್ನೂ ಗುರುತು ಹಾಕಬಹುದು. ಮೊಬೈಲೇ ತಲೆನೋವು ಎನ್ನುವ ಅಮ್ಮಂದಿರಿಗೆ ಇದು ವಿಚಿತ್ರ ಅನ್ನಿಸೀತು; ದಿನಕ್ಕೊಂದು ನಿಮಿಷ ಸಾಕು.

ಮೂರು ತಿಂಗಳಿಗೂ ಹೆಚ್ಚು ಕಾಲ, ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ನೋವಿದ್ದರೆ ಅದು ದೀರ್ಘಕಾಲಿಕ ತಲೆನೋವು. ಪ್ಯಾರಾಸಿಟಮಾಲ್‌ನಂಥ ಮಾತ್ರೆಯನ್ನು ಅಷ್ಟೇ ದಿನ ನುಂಗುತ್ತಿದ್ದರೆ ಮಾತ್ರೆಯೇ ನೋವು ತರಬಹುದು. ಹಾಗಾಗಿ ಮಾತ್ರೆಯ ಲೆಕ್ಕ ತಪ್ಪಿಸಬೇಡಿ.

ಹಠಾತ್ತನೆ ಸಿಡಿಯುವ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕಣ್ಣು ಮಂಜಾಗುವುದು ಕಂಡರೆ ಆ್ಯಪ್ ಪಕ್ಕಕ್ಕಿಟ್ಟು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.